ಮುದ್ದೆಯಲ್ಲಿ ಸಿಕ್ಕ ಮರಳು

ಮಂಡ್ಯ ಸೀಮೆಯಲ್ಲಿ ಹುಟ್ಟಿದ ಗಂಡಸು ಹೊರಗೆ ಹೇಳಿಕೊಳ್ಳಬಾರದ ದೌರ್ಬಲ್ಯವೊಂದು ನನಗಿದೆ. ನಾನು ರಾಗಿಮುದ್ದೆಯನ್ನು ಅಗಿಯುತ್ತೇನೆ. ಮುದ್ದೆಯೆಂದರೆ ಮುರಿದು, ಸಾರಿನಲ್ಲಿ ಹೊರಳಿಸಿ, ಹಲ್ಲಿಗೆ ಸುದ್ದಿಯೇ ತಿಳಿಯದಂತೆ ನುಂಗಬೇಕಾದ ಪದಾರ್ಥ. ನನ್ನ ಹಲ್ಲುಗಳಿಗೆ ಮಾತ್ರ ಮೊದಲಿನಿಂದಲೂ ವಿಪರೀತ ಕುತೂಹಲ. ಒಳಗೆ ಬಂದವರನ್ನೆಲ್ಲ ತಡೆದು ವಿಚಾರಿಸದೆ ಬಿಡುವುದಿಲ್ಲ. ನಾಗಮಂಗಲದ ಕಡೆಯ ನನ್ನ ಮಾವ ಸಂಬಂಧ ಮಾತಾಡಲು ಬಂದ ದಿನವೇ, "ಮುದ್ದೆ ಅಗಿಯೋನು ಹೊಲದ ಆರಂಬ ಮಾಡಾನಾ, ಸಂಸಾರ ಮಾಡಾನಾ?" ಎಂದು ಇನ್ನಾರನ್ನೋ ಆಡಿಕೊಂಡಿದ್ದರು. ಅಂದಿನಿಂದ ಒಂಬತ್ತು ವರ್ಷ ಅವರೆದುರು ತುಟಿ ಬಿಗಿದು, ಒಳಗೊಳಗೇ ಅಗಿದು, ಹೇಗೋ ಮರ್ಯಾದೆ ಕಾಪಾಡಿಕೊಂಡಿದ್ದೆ.

ತೊಂಬತ್ತರ ದಶಕದ ಒಂದು ಬೇಸಿಗೆಯಲ್ಲಿ ಅತ್ತೆ ಮಾವ ಪಾಂಡವಪುರದ ನಮ್ಮ ಮನೆಗೆ ಬಂದರು. ಹೊಳೆಯಿಲ್ಲದ ಊರಿನವರಿಗೆ ಹೊಳೆಯ ದಂಡೆಯ ಊಟ ತೋರಿಸಬೇಕೆಂಬ ಉಮೇದು ನನ್ನದೇ. ಹಾಟ್‌ಬಾಕ್ಸಿನಲ್ಲಿ ಮುದ್ದೆ, ಕ್ಯಾರಿಯರಿನಲ್ಲಿ ಅನ್ನ, ಬಸ್ಸಾರು ಹೊತ್ತು, ಬಸ್ಸು ಹತ್ತಿ ಇಳಿದು, ಕರಿಘಟ್ಟದ ಕೆಳಗೆ ಹೊಳೆಯ ಮರಳಿನ ಮೇಲೆ ಜಮಖಾನ ಹಾಸಿ ಎಲೆ ಹಾಕಿದೆವು. ಮನೆಯಲ್ಲಿ ಮೂಗು ಮುರಿಯುವ ಅದೇ ಬಸ್ಸಾರು ನೀರಿನ ಸದ್ದು ಕೇಳುತ್ತಲೇ ಯಾಕೆ ರುಚಿಯಾಗುತ್ತದೋ ನನಗೆ ಇವತ್ತಿಗೂ ತಿಳಿದಿಲ್ಲ. ಹಾಗೆ ಯೋಚಿಸುತ್ತಿರುವಾಗಲೇ ಗಾಳಿ ಬೀಸಿ, ಎಲೆಗಳ ಮೇಲೆ ಮರಳು ಹಾದುಹೋಯಿತು. ಯಾರೂ ತಲೆ ಎತ್ತಲಿಲ್ಲ. ಮಾವ, ಅತ್ತೆ, ನನ್ನ ಹೆಂಡತಿ, ಮೂವರ ಗಂಟಲಲ್ಲೂ ತುತ್ತು ಸಲೀಸಾಗಿ ಇಳಿಯುತ್ತಿತ್ತು. ನನ್ನ ಬಾಯಲ್ಲಿ ಮಾತ್ರ ಕರಕ್ ಎಂದಿತು. ಎರಡನೆಯ ತುತ್ತಿಗೂ ಕರಕ್. ನನಗೊಬ್ಬನಿಗೇ ಯಾಕೆ ಎಂದು ಅಚ್ಚರಿಪಟ್ಟು, "ಮುದ್ದೆ ತುಂಬ ಮರಳು ಕಣೇ" ಎಂದು ಹೆಂಡತಿಗೆ ಹೇಳಿಯೇಬಿಟ್ಟೆ.

ಮಾವ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ಅಲ್ಲ ಅಳೀಂದ್ರೆ, ನುಂಗೋ ಮುದ್ದೇಲಿ ಮರಳೈತೆ ಅಂತ ನಿಮ್ಗೆಂಗೆ ಗೊತ್ತಾಯ್ತು?"

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ಅತ್ತೆ, ಕಾಯಿಲೆಯವರಿಗೆ ಬಡಿಸುವ ಹಾಗೆ, ನನ್ನ ಎಲೆಗೆ ಅನ್ನ ಹಾಕಿದರು. ಒಂಬತ್ತು ವರ್ಷದ ಮರ್ಯಾದೆ ಹೊಳೆಪಾಲಾಯಿತಲ್ಲ ಎಂದು ನನಗೆ ನಿಜಕ್ಕೂ ಅಳು ಬರುವಂತಾಯಿತು.

ಕೈ ತೊಳೆಯಲು ನೀರಿಗಿಳಿದಾಗ ಮಾವ ಪಕ್ಕಕ್ಕೆ ಬಂದರು. ಬಾಯಿ ಮುಕ್ಕಳಿಸಿ ಉಗುಳಿ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡರು. "ನನ್ ಹಲ್ಗೂ ಸಿಕ್ತು. ಚಿಕ್ಕೋನಾಗಿದ್ದಾಗ್ಲಿಂದ್ಲೂ ಅಗೀತೀನಿ. ಸುಮ್ಕಿರಾದು ಕಲೀರಿ ಅಳೀಂದ್ರೆ. ಯಾರ್ಗೂ ಏಳ್ಬ್ಯಾಡಿ" ಎಂದರು.

ಪ್ರಾಣ ಹೋದರೂ ಹೇಳುವುದಿಲ್ಲ ಮಾವ ಎಂದು ಹೊಳೆಯ ನೀರು ಮುಟ್ಟಿ ಮಾತು ಕೊಟ್ಟೆ. ಅದನ್ನು ಎಷ್ಟು ಚೆನ್ನಾಗಿ ಉಳಿಸಿಕೊಂಡಿದ್ದೇನೆ ಎಂಬುದನ್ನು ನೀವೇ ಓದುತ್ತಿದ್ದೀರಿ.