ಮುನಿಯಪ್ಪನ ದೋಣಿಗೆ ನಾನು ಹಾಕಿದ ಏಳು ಗಂಟು

ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲು ಒಂದು ಗಳಿಗೆ ಸಾಕು. ಆ ಗಳಿಗೆಯನ್ನು ನಾನು ಯಾವಾಗಲೂ ಕೆಮ್ಮಿ ಕಳೆದುಬಿಡುತ್ತೇನೆ. ಮಿಡ್ಲ್ ಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳುತ್ತೇನೆಂಬ ಒಂದೇ ತಪ್ಪಿಗೆ ದೊಡ್ಡಬಳ್ಳಾಪುರದವರು ನಿಂತ ಗಡಿಯಾರ, ಉರಿಯದ ಸ್ಟೌ, ಗಂಟಲು ಕಟ್ಟಿದ ಗ್ರಾಮಫೋನು ಎಲ್ಲವನ್ನೂ ನನ್ನ ಮನೆಯ ಜಗಲಿಗೆ ತಂದಿಡುತ್ತಾರೆ. ನಾನು ಕೆಮ್ಮುತ್ತೇನೆ. ಅದನ್ನೇ ಒಪ್ಪಿಗೆಯೆಂದು ತಿಳಿದು ಅವರು ಇಟ್ಟು ಹೋಗುತ್ತಾರೆ. ನನಗಂತೂ ಸಾಕಾಗಿ ಹೋಗಿದೆ.

ಯುದ್ಧದ ಆ ವರ್ಷಗಳಲ್ಲಿ ಹೀಗೆ ನನ್ನ ಪಾಲಿಗೆ ಬಂದದ್ದು ಬೆಸ್ತರ ಮುನಿಯಪ್ಪನ ದೋಣಿ. ದೋಣಿಯನ್ನು ಜಗಲಿಗೆ ತರಲಾಗದೆ ಅವನು ನನ್ನನ್ನೇ ಕೆರೆಯ ದಂಡೆಗೆ ಕರೆದೊಯ್ದ. ಹಿಂದೆ ಯಾರೋ ಸಾಹೇಬರು ವಿಹಾರಕ್ಕೆಂದು ಮಾಡಿಸಿಕೊಂಡಿದ್ದ ಪುಟ್ಟ ದೋಣಿ ಅದು. ಕೂರುವ ಹಲಗೆಯ ಕೆಳಗೆ ಮೋಟಾರು ಕಾರಿನ ಬ್ಯಾಟರಿ, ಮುಂತುದಿಯಲ್ಲಿ ಒಂದು ದೀಪ, ನಡುವೆ ನೂಲು ಸುತ್ತಿದ ತಂತಿ. ಮುನಿಯಪ್ಪ ಕೊಂಡ ಮೇಲೆ ತಂತಿಗೂ ಮೀನಿನ ವಾಸನೆ ಹತ್ತಿ, ಇಲಿಗಳು ಏಳು ಕಡೆ ಕಡಿದು ಹಾಕಿದ್ದವು. ದೀಪವಿಲ್ಲದೆ ಬೆಳಗಿನ ಮಂಜಿನಲ್ಲಿ ಹೋದವನು ನೀರೊಳಗಿನ ಜಾಲಿ ಬೊಡ್ಡೆಗೆ ಗುದ್ದಿ, ಮುಳುಗಿ ಎದ್ದು ಬಂದಿದ್ದ. ಅವನ ಹೆಂಡತಿ ಗಂಗಮ್ಮ ಅಂದೇ ತೀರ್ಪು ಕೊಟ್ಟಿದ್ದಳು. "ದೀಪ ಹತ್ಲಿಲ್ಲ ಅಂದ್ರೆ ದೋಣಿ ಮಾರ್ಬಿಡು. ಕೂಲಿ ಮಾಡ್ಕೊಂಡು ತಿನ್ನಾಣ. ನಿನ್ನ ಹೆಣ ಹುಡುಕ್ಕೊಂಡು ನಾನಂತೂ ಕೆರೆಗೆ ಇಳಿಯಲ್ಲ." ಕೊಳ್ಳುವವನು ಸೋಮವಾರ ಬರುತ್ತಾನೆಂದು ಹೇಳುವಾಗ ಮುನಿಯಪ್ಪನ ಕಣ್ಣು ತುಂಬಿತ್ತು. "ನಂಗೆ ನೀರು ಬಿಟ್ರೆ ಬೇರೆ ಕೆಲ್ಸ ಗೊತ್ತಿಲ್ಲ ಮೇಷ್ಟ್ರೇ," ಎಂದ. ನಾನು ಕೆಮ್ಮಿದೆ.

ಭಾನುವಾರ ಬೆಳಿಗ್ಗೆಯೇ ಕೆಲಸಕ್ಕೆ ಕೂತೆ. ಯುದ್ಧದ ದೆಸೆಯಿಂದ ಹೊಸ ತಂತಿ ಎಲ್ಲೂ ಸಿಗುತ್ತಿರಲಿಲ್ಲ. ಹಳೆಯದನ್ನೇ ಬಿಚ್ಚಿ, ಕೆಟ್ಟ ಭಾಗ ಕಿತ್ತು, ಉಳಿದ ತುಂಡುಗಳನ್ನು ಸೇರಿಸಿ ಮತ್ತೆ ಎಳೆಯಬೇಕು. ಹಲಗೆಯಡಿಗೆ ತಲೆ ತೂರಿಸಿ ಮಲಗಿದವನಿಗೆ ಮಧ್ಯಾಹ್ನದ ಹೊತ್ತಿಗೆ ಬೆನ್ನು ಯಾರದೋ ಎನ್ನಿಸತೊಡಗಿತು. ನನ್ನ ಪಂಚೆಗೂ ಹತ್ತಿದ ಮೀನಿನ ವಾಸನೆಗೆ ಮೂರು ಬೆಕ್ಕುಗಳು ಬಂದು ದಂಡೆಯ ಮೇಲೆ ವಿನಯದಿಂದ ಕಾಯುತ್ತಿದ್ದವು. ಇಲ್ಲಿ ನಮ್ಮ ವಂಶದ ಮಾತೊಂದನ್ನು ಹೇಳಬೇಕು. ನಮ್ಮದು ನೇಕಾರರ ಮನೆ. ಮಗ್ಗದಲ್ಲಿ ಎಳೆ ಕಡಿದರೆ ತಟಕ್ಕನೆ ಗಂಟು ಹಾಕಬೇಕು, ಆ ಗಂಟು ಬಿಚ್ಚಿಕೊಳ್ಳಲೂಬಾರದು, ಸೀರೆಯಲ್ಲಿ ಕೈಗೂ ಸಿಗಬಾರದು. ಚಿಕ್ಕಂದಿನಲ್ಲಿ ನನಗೆ ಅದು ಬರಲೇ ಇಲ್ಲ. ಅಪ್ಪ ಬೆರಳ ಗೆಣ್ಣಿಗೆ ಹೊಡೆದು ಹೊಡೆದು ಸೋತು, "ಇವನು ಓದ್ಕೊಂಡು ಹಾಳಾಗ್ಲಿ," ಎಂದು ಸ್ಕೂಲಿಗೆ ಅಟ್ಟಿದರು.

ಸಂಜೆಗೆ ಏಳನೆಯ ಜೋಡಣೆಯೂ ಮುಗಿಯಿತು. ಸ್ವಿಚ್ಚು ಒತ್ತಿದೆ. ದೀಪ ಹತ್ತಲಿಲ್ಲ. ಬಲ್ಬು ಒರೆಸಿದೆ, ಬ್ಯಾಟರಿ ತಟ್ಟಿದೆ, ದೇವರನ್ನೂ ನೆನೆದೆ. ಮುನಿಯಪ್ಪ ದೋಣಿಯ ಅಂಚನ್ನು ಸವರುತ್ತ ಕೂತುಬಿಟ್ಟ. ಅದನ್ನು ನೋಡಲಾಗದೆ ನಾನು ಆಚೆ ತಿರುಗಿದರೆ, ಗಂಗಮ್ಮ ಮೀನು ಕೊಯ್ಯುವ ಚಾಕು ಹಿಡಿದೇ ಬರುತ್ತಿದ್ದಳು. ಅವಳು ಬಗ್ಗಿ ನೋಡಿ, "ಅಲ್ಲ ಮೇಷ್ಟ್ರೇ, ಸುತ್ತಿರೋ ನೂಲು ಬಿಚ್ಚದೇನೇ ಗಂಟು ಹಾಕ್ಬಿಟ್ಟಿದೀರಲ್ಲ? ಒಳಗಿನ ತಂತಿ ಒಂದಕ್ಕೊಂದು ಮುಟ್ಟೋದು ಬ್ಯಾಡ್ವಾ?" ಎಂದಳು.

ಬೇಕು. ಅದನ್ನು ನಾನೇ ಪ್ರತಿ ವರ್ಷ ಪಾಠ ಹೇಳುತ್ತೇನೆ. ನೂಲಿನಲ್ಲಿ ವಿದ್ಯುತ್ತು ಹರಿಯುವುದಿಲ್ಲವೆಂದು ಬರೆಯದವರಿಗೆ ಸೊನ್ನೆ ಕೊಡುತ್ತೇನೆ. ಆದರೆ ದಣಿದ ಕೈ ನನ್ನನ್ನು ಕೇಳಲಿಲ್ಲ. ಬೆರಳಿಗೆ ನೂಲು ತಗುಲಿದ್ದೇ ತಡ, ಕಡಿದ ಎಳೆಯೆಂದು ತಿಳಿದು ಮಗ್ಗದ ಗಂಟು ಹಾಕುತ್ತ ಹೋಗಿತ್ತು. ಗಂಗಮ್ಮ ಏಳನ್ನೂ ಕತ್ತರಿಸಿ, ನೂಲು ಹೆರೆದು, ತಾಮ್ರಕ್ಕೆ ತಾಮ್ರ ಹೊಸೆದಳು. ಮೇಲೆ ಬಟ್ಟೆ ಸುತ್ತುವ ಕೆಲಸವನ್ನು ಮಾತ್ರ ನನಗೆ ಬಿಟ್ಟುಕೊಟ್ಟಳು. ದೀಪ ಹತ್ತಿತು. ಮುನಿಯಪ್ಪ ಅತ್ತೇಬಿಟ್ಟ, ಹೆಂಡತಿಯನ್ನು ಬಿಟ್ಟು ನನ್ನ ಕಾಲಿಗೆ ಬಿದ್ದ.

ಕತ್ತರಿಸಿದ ಗಂಟೊಂದು ನನ್ನ ಜೇಬಿನಲ್ಲಿ ಉಳಿದಿತ್ತು. ಮನೆಯಲ್ಲಿ ಅದು ಅಪ್ಪನ ಕಣ್ಣಿಗೆ ಬಿತ್ತು. ಕನ್ನಡಕ ಏರಿಸಿ ತಿರುಗಿಸಿ ನೋಡಿದರು, ಎರಡೂ ಕಡೆ ಹಿಡಿದು ಜಗ್ಗಿದರು. ಗಂಟು ಜಗ್ಗಲಿಲ್ಲ.

"ಯಾರು ಹಾಕಿದ್ದೋ ಇದು?"

"ನಾನೇ."

ಇನ್ನೊಮ್ಮೆ ಜಗ್ಗಿ ನೋಡಿದರು. ಆಮೇಲೆ, "ಗಂಟು ಅಂದ್ರೆ ಹಿಂಗಿರ್ಬೇಕು ಕಣೋ," ಎಂದರು. ಹುಟ್ಟಿದಂದಿನಿಂದ ಅಪ್ಪ ನನ್ನನ್ನು ಹೊಗಳಿದ್ದು ಅದೇ ಮೊದಲು.

"ಏನಕ್ಕೆ ಹಾಕಿದ್ದು?" ಎಂದು ಕೇಳಿದರು.

ನಾನು ಕೆಮ್ಮಿದೆ.