ಸೋಫಾ ಬಟ್ಟೆಯ ಮುಂದೆ ರೇಷ್ಮೆ ಯಾವ ಗಿಡದ ತಪ್ಪಲು?

ಮಾನ ಮುಚ್ಚಲು ಬಟ್ಟೆಯನ್ನೂ, ಅದನ್ನು ನೇಯುವ ಕೈಗಳನ್ನೂ ಕೊಟ್ಟ ಭಗವಂತನಿಗೆ ಮೊದಲ ನಮಸ್ಕಾರ. ತನ್ನ ಗೂಡನ್ನೇ ಬಿಟ್ಟುಕೊಟ್ಟು, ದೇವರ ಮುಂದೆ ಮಡಿಯಿಂದ ಕೂಡುವ ಯೋಗ್ಯತೆಯನ್ನು ನಮಗೆ ತಂದ ರೇಷ್ಮೆಹುಳುವಿಗೂ ನಮಸ್ಕಾರ. ನನ್ನ ಹೆಂಡತಿಯ ತಮ್ಮನ ಪ್ರಸಂಗಕ್ಕೆ ಇಳಿಯುವ ಮುನ್ನ ಇಷ್ಟು ಪುಣ್ಯ ಕಟ್ಟಿಕೊಳ್ಳುವುದು ಕ್ಷೇಮ.

ಈ ಮಹಾಶಯನನ್ನು ನೇರ ವೈಕುಂಠಕ್ಕೆ ಕರೆದೊಯ್ದರೂ, ಆತ ಮೊದಲು ಶ್ರೀಹರಿಯ ಪೀತಾಂಬರದ ಅಂಚನ್ನು ಎರಡು ಬೆರಳುಗಳ ನಡುವೆ ತಿಕ್ಕಿ, ಬಾಳಿಕೆಯಿಲ್ಲವೆಂದು ತೀರ್ಪು ಕೊಟ್ಟಾನು! ಕೋಥರೂಡದಲ್ಲಿ ಅವನದು ಸೋಫಾ ಬಟ್ಟೆಯ ಅಂಗಡಿ. ಅಲ್ಲಿಯ ಕಂದು-ಹಳದಿ ಪಟ್ಟಾಪಟ್ಟಿ ಬಟ್ಟೆಯೇ ಅವನ ಕುಲದೈವ. ಗೋಣಿಚೀಲಕ್ಕೆ ಬಣ್ಣ ಬಳಿದು ಗೆರೆ ಎಳೆದರೆ ಹೇಗಿದ್ದೀತು? ಹಾಗಿತ್ತು ಅದರ ಸೌಂದರ್ಯ.

ಅವನ ಮನೆಯ ಸೋಫಾ, ಪರದೆ, ದಿಂಬು, ಸ್ಕೂಟರಿನ ಸೀಟು ಎಲ್ಲವೂ ಅದೇ. ಉಳಿದ ತುಂಡಿನಲ್ಲಿ ಒಂದು ಅಂಗಿಯನ್ನೂ ಹೊಲಿಸಿದ್ದ. ಅದನ್ನು ತೊಟ್ಟು ಸೋಫಾದಲ್ಲಿ ಒರಗಿದ್ದಾಗ, ಮಂದದೃಷ್ಟಿಯ ಅತಿಥಿಯೊಬ್ಬರು ಬಂದು ಅವನ ತೊಡೆಯ ಮೇಲೆಯೇ ಕುಳಿತರು. ಇವನಿಗೆ ಕೋಪ ಬಂದಿತೆ? ಇಲ್ಲ! ಕೂತವರಿಗೆ ಒಂದು ಗಳಿಗೆ ವ್ಯತ್ಯಾಸವೇ ತಿಳಿಯಲಿಲ್ಲವೆಂದು ವಾರವಿಡೀ ಹೆಮ್ಮೆಪಟ್ಟ.

ಬಾರಾಮತಿಯಲ್ಲಿ ನಡೆದ ಮದುವೆಯೊಂದರಲ್ಲಿ ಎಲ್ಲರೂ ವಧುವಿನ ರೇಷ್ಮೆ ಸೀರೆಯನ್ನು ಕೊಂಡಾಡುತ್ತಿದ್ದರು. ಇವನು ವಧುವಿನ ತಾಯಿಗೇ ಹೇಳಿದ: "ಛಲೋ ಅದರಿ. ಆದ್ರ ಬೆಕ್ಕು ಒಂದ್ಸಲ ಉಗುರು ಹಾಕಿದ್ರ ಕತಿ ಮುಗೀತು. ನಮ್ಮ ಬಟ್ಟಿ ಮ್ಯಾಲ ಹುಲಿ ಬಿಡ್ರಿ ಬೇಕಾದ್ರ."

ಆಕೆ ಶಾಂತವಾಗಿ ಹೇಳಿದರು: "ಹುಲಿಗೆ ಲಗ್ನ ಮಾಡೂದಿದ್ದಾಗ ನಿಮ್ಮ ಅಂಗಡಿಗೇ ಬರ್ತೀವ್ರಿ."

ಅಂದಿನ ಊಟದ ಪಂಕ್ತಿಯಲ್ಲಿ ನಾನು ಅವನಿಂದ ಬಹುದೂರ ಕುಳಿತೆ.

ಹೀಗಿರಲು, ಒಂದು ವರ್ಷ ನನ್ನ ಹೆಂಡತಿಯ ಮೊಣಕಾಲುಗಳು ಮಣೆಯ ಮೇಲೆ ಕೂಡುವುದಕ್ಕೆ ಒಲ್ಲೆ ಎಂದವು. ನವರಾತ್ರಿ ಸಮೀಪಿಸಿತ್ತು. ಘಟಸ್ಥಾಪನೆಯಿಂದ ದಶಮಿಯವರೆಗೆ ದೇವಿಯ ಮುಂದೆ ಕುಳಿತು ಸಹಸ್ರನಾಮ ಹೇಳುವುದನ್ನು ಆಕೆ ಮದುವೆಯಾದಂದಿನಿಂದ ಒಮ್ಮೆಯೂ ತಪ್ಪಿಸಿರಲಿಲ್ಲ. ಸುದ್ದಿ ತಿಳಿದು ಆಕೆಯ ತಮ್ಮ ಒಂದು ಕುರ್ಚಿ ಹೊತ್ತು ತಂದ. ಅದರ ಮೇಲೆ, ಹೇಳಬೇಕೆ, ಕಂದು-ಹಳದಿ ಪಟ್ಟಾಪಟ್ಟಿ!

"ಕೂಡಕ್ಕಾ. ನಿನ್ನ ಮೊಮ್ಮಕ್ಕಳ ಮೊಮ್ಮಕ್ಕಳೂ ಕೂಡ್ತಾರ ಇದರ ಮ್ಯಾಲ."

"ಹೊರಗ ಕೂಡ್ತೀನೋ," ಎಂದಳು ಆಕೆ. "ದೇವರ ಮನ್ಯಾಗ ಈ ಬಟ್ಟಿ ಮಡಿಗೆ ಬರೂದಿಲ್ಲ."

ಹಾಗೆಂದು ಹೊಸ್ತಿಲ ಹೊರಗೆ ಆ ಕುರ್ಚಿಯನ್ನು ಹಾಕಿಸಿ, ಅಲ್ಲಿಂದ ದೇವಿ ಕಾಣುತ್ತಾಳೆಯೇ ಎಂದು ಕತ್ತು ನೀಡಿ ನೋಡಿದಳು. ಕಂಡದ್ದು ಮಂಟಪದ ಒಂದು ಕಂಬ ಮಾತ್ರ. ಬಾಳಿಕೆಯ ಮೇಲೆ ಪ್ರವಚನ ಬರುವುದೆಂದು ನಾನು ಕಾದೆ. ಅವನು ಕುರ್ಚಿಯನ್ನು ಹೊತ್ತು ಮೆಟ್ಟಿಲಿಳಿದುಹೋದ.

ಘಟಸ್ಥಾಪನೆಯ ಬೆಳಿಗ್ಗೆ ಮತ್ತೆ ಬಂದ. ಅದೇ ಕುರ್ಚಿ, ಕಟ್ಟಿಗೆ ತೊಳೆದು ಶುಭ್ರವಾಗಿತ್ತು, ಒಳಗೆ ಹೊಸ ಅರಳೆ. ಮೇಲೆ ಬೆಣ್ಣೆಯ ಬಣ್ಣದ ರೇಷ್ಮೆ. ಅದರ ಕೆಂಪು ಅಂಚು ಕೂಡುವಲ್ಲಿ ಎಳ್ಳಷ್ಟೂ ವಾರೆಯಾಗದಂತೆ ಬಂದಿತ್ತು. ಆ ಅಂಚನ್ನು ನಾನು ಬಲ್ಲೆ. ಅವನು ತನ್ನ ಮದುವೆಯಲ್ಲಿ ಉಟ್ಟ ಮಗುಟ, ಅವನ ಮನೆಯಲ್ಲಿದ್ದ ಒಂದೇ ಒಂದು ರೇಷ್ಮೆ ಧೋತರ ಅದು.

"ಮಗುಟ ಕತ್ತರಿಸಿದಿ ಏನೋ?" ಎಂದೆ.

ಅವನು ನನ್ನ ಕಡೆ ನೋಡದೆ ಮೊಳೆಯೊಂದನ್ನು ಹೆಬ್ಬೆರಳಿನಿಂದ ಒತ್ತಿದ. "ಬಾಳಿಕಿ ಇಲ್ಲದ ಬಟ್ಟಿ ಭಾವಾ. ಎರಡು ವರ್ಷಕ್ಕ ಹರೀತದ." ಇನ್ನೊಂದು ಮೊಳೆ ಒತ್ತುತ್ತ ಹೇಳಿದ: "ಹರಿದ್ರ ಲಗ್ನದ ರೇಷ್ಮಿ ಶಲ್ಯ ಅದ, ಅದನ್ನ ಹಾಕ್ತೀನಿ."

ಆಕೆ ಕುರ್ಚಿಯನ್ನು ದೇವರ ಮನೆಯೊಳಗೆ ಹಾಕಿಸಿ, ದೇವಿಯ ಎದುರು ಕುಳಿತು ಮೊದಲ ನಾಮ ಹೇಳಿದಳು. ಅವನು ಹೊಸ್ತಿಲ ಹೊರಗೆ, ಬರಿಯ ನೆಲದ ಮೇಲೆ ಕುಳಿತು ಕೇಳಿದ.

ಗೂಡು ಕಟ್ಟಿದ ಹುಳುವಿಗೆ ಸದ್ಗತಿಯಾಗಲಿ. ನೇಯ್ದವರ ಕೈ ತಂಪಾಗಿರಲಿ. ಆ ಮೊಣಕಾಲುಗಳ ನೋವನ್ನು ದೇವಿ ಕಳೆಯಲಿ. ಆ ರೇಷ್ಮೆನಿಂದಕನಿಗೋ, ಅವನ ಹಾಳು ಪಟ್ಟಾಪಟ್ಟಿಗೆ ಎಷ್ಟು ಬಾಳಿಕೆಯುಂಟೋ ಅಷ್ಟೂ ಆಯುಷ್ಯವನ್ನು ಕೊಡಲಿ.