ಗೇನಿಗೆ ಹತ್ತಕ್ಕೆ ಹತ್ತು

ಮದುವೆಯಾಗಿ ಹದಿನೇಳು ವರ್ಷವಾಗಿದ್ದರೂ ನಮ್ಮ ಅತ್ತೆ ಶಂಕ್ರೆವ್ವನವರು ನನ್ನ ಜೊತೆ ಒಂದೇ ಒಂದು ಮಾತು ಆಡಿರಲಿಲ್ಲ. (ಇದನ್ನೋದಿ ಹೊಟ್ಟೆ ಉರಿಸಿಕೊಳ್ಳುವ ಗಂಡಸರು ಸ್ವಲ್ಪ ತಡೆಯಬೇಕು.) ಅಳಿಯನ ಮುಂದೆ ತಲೆತುಂಬ ಸೆರಗು ಹೊದೆಯಬೇಕು, ನೇರ ಮಾತಾಡಬಾರದು ಎಂಬುದು ಅವರ ಕಾಲದ ರಿವಾಜು. ರಿವಾಜು ಮೀರುವ ಪೈಕಿ ಅವರಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ಮಗಳಿಗೆ ಹೇಳುತ್ತಾರೆ, ಅಷ್ಟೆ. ನಾನು ಎರಡು ಮೊಳ ದೂರದಲ್ಲಿ ಕೂತಿರುತ್ತೇನೆ.

"ಮಹಾನಂದಾ, ಅಳಿಯಾರು ಉಣ್ಣೂವಾಗ ಭಾಳ ಸಪ್ಪಳ ಮಾಡ್ತಾರ ನೋಡವಾ."

ಇದು ನನಗೂ ಕೇಳಿಸುತ್ತದೆ, ಓಣಿಯ ಕೊನೆಯ ಗಿರಣಿಯವನಿಗೂ ಕೇಳಿಸುತ್ತದೆ. ಆದರೆ ರಿವಾಜಿನ ಪ್ರಕಾರ ಮಾತು ಇನ್ನೂ ನನಗೆ ಮುಟ್ಟಿಲ್ಲ. ಅದನ್ನು ಮುಟ್ಟಿಸುವ ಕೆಲಸ ನನ್ನ ಹೆಂಡತಿಯದು.

"ಕೇಳಿಸ್ತೇನ್ರಿ? ಉಣ್ಣೂವಾಗ ಸಪ್ಪಳ ಮಾಡ್ತೀರಂತ."

ಹೀಗೆ ಪ್ರತಿಯೊಂದು ಬೈಗುಳವೂ ನನಗೆ ಎರಡು ಸಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ ನಾನು. ಪ್ರತಿಧ್ವನಿ ಎಂಬ ಪಾಠವನ್ನು ವರ್ಷವರ್ಷವೂ ಮಾಡುತ್ತೇನೆ. ಆ ಪಾಠಕ್ಕೆ ಉದಾಹರಣೆ ಹುಡುಕಲು ನಾನು ಯಾವ ಗುಡ್ಡಕ್ಕೂ ಹೋಗಬೇಕಾಗಿಲ್ಲ.

ಅತ್ತೆಯವರಿಗೆ ಇಬ್ಬರು ಹೆಣ್ಣುಮಕ್ಕಳು. ಆದ್ದರಿಂದ ಪಾಳಿ. ಯುಗಾದಿಯಿಂದ ದಸರೆವರೆಗೆ ಮುದ್ದೇಬಿಹಾಳದಲ್ಲಿ ನಮ್ಮ ಮನೆ, ದಸರೆಯಿಂದ ಯುಗಾದಿವರೆಗೆ ಇಂಡಿಯಲ್ಲಿ ನನ್ನ ಷಡ್ಡಕ ಶ್ರೀಶೈಲಪ್ಪನ ಮನೆ. ಈ ಪಾಳಿ ಹಚ್ಚಿಕೊಟ್ಟವರು ಸ್ವತಃ ಅವರೇ, ಮತ್ತು ನನ್ನ ಸಂಸಾರದ ಸಮಸ್ತ ಸುಖವೂ ಅದರ ಮೇಲೆಯೇ ನಿಂತಿತ್ತು. ಆದರೆ ಅವರನ್ನು ಇಂಡಿಗೆ ಮುಟ್ಟಿಸುವ ದಿನವಿದೆಯಲ್ಲ, ಅದು ಆರು ತಿಂಗಳ ಬೈಗುಳದ ಮಾಲನ್ನು ನಾಲ್ಕು ತಾಸಿನಲ್ಲಿ ಕೊಡುವ ದಿನ. ಮುಚ್ಚಿದ ಮಾರುತಿ ವ್ಯಾನು, ನೂರಾ ನಲವತ್ತು ಕಿಲೋಮೀಟರು, ಪ್ರತಿ ಮಾತೂ ಎರಡೆರಡು ಸಲ. ಸಾಲದ್ದಕ್ಕೆ ಹೋದ ಸಲ ಬಸವನ ಬಾಗೇವಾಡಿ ಮುಟ್ಟುವಷ್ಟರಲ್ಲಿ "ಮಹಾನಂದಾ, ಟೊಂಕ ಹಿಡೀತು, ಹೊಳ್ಳಸಂತ ಹೇಳು" ಎಂದು ಅಪ್ಪಣೆಯಾಗಿ, ವ್ಯಾನು ಮನೆಯ ಕಡೆ ಹೊಳ್ಳಿ, ನನ್ನ ಪಾಳಿ ಮತ್ತೆ ಹದಿನೈದು ದಿನ ಲಂಬಿಸಿತ್ತು.

ಎರಡು ಸಾವಿರದ ಮೂರರ ದಸರೆ ಹತ್ತಿರ ಬಂದಾಗ ನನಗೊಂದು ದಿವ್ಯ ವಿಚಾರ ಹೊಳೆಯಿತು. ಅತ್ತೆಯವರ ಬಾಯಿ ಮುಚ್ಚಿಸುವ ಗಂಡಸು ಇನ್ನೂ ಹುಟ್ಟಿಲ್ಲ, ಸರಿ. ಆದರೆ ಅವರ ದನಿಗಿಂತ ದೊಡ್ಡ ದನಿ ಹುಟ್ಟಿಸಲು ವಿಜ್ಞಾನಕ್ಕೆ ಏನು ಧಾಡಿ? ವ್ಯಾನಿಗೆ ಒಂದು ಭರ್ಜರಿ ಸಿಸ್ಟಮ್ ಕೂರಿಸಿದರೆ ಇಂಡಿಯವರೆಗೆ ಒಂದಕ್ಷರವೂ ನನ್ನ ಕಿವಿಗೆ ಬೀಳುವುದಿಲ್ಲ.

ಬಸ್‌ಸ್ಟ್ಯಾಂಡಿನ ಹಿಂದೆ ಮೈಬೂಬನ ಅಂಗಡಿ. ರೇಡಿಯೋ ಕಾಲದಿಂದ ಕೈ ಪಳಗಿದ ಮನುಷ್ಯ. ಎರಡು ದಿನ ವ್ಯಾನಿನ ಕರುಳೆಲ್ಲ ಹೊರಗೆ ಹಾಕಿ, ಆಂಪ್ಲಿಫೈಯರ್ ಜಡಿದು, ಮುಂದಿನ ಬಾಗಿಲುಗಳಿಗೆ ಎರಡು ಸ್ಪೀಕರ್ ಹಾಕಿ, ಹಿಂದಿನ ಸೀಟಿಗೆ ತಾಗಿಸಿ ಒಂದು ದೊಡ್ಡ ವೂಫರ್ ಡಬ್ಬಿ ಕೂರಿಸಿದ. ಆಮೇಲೆ ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಡೊಳ್ಳಿನ ಪದದ ಕ್ಯಾಸೆಟ್ ಹಚ್ಚಿ, ಕಣ್ಣು ಮುಚ್ಚಿ ಅರ್ಧ ತಾಸು ಕೂತ. ಒಂದಿಷ್ಟು ತಿರುಗಿಸುವುದು, ಕೇಳುವುದು, ದನಿ ಒಡೆದ ಕೂಡಲೇ ಕೂದಲೆಳೆಯಷ್ಟು ಹಿಂದೆ ತರುವುದು. ಕೊನೆಗೆ ನಿಂತ ಜಾಗಕ್ಕೆ ಬಿಳಿ ಬಣ್ಣದ ಚುಕ್ಕಿ ಇಟ್ಟ.

"ಸರ, ಇದಕ್ಕ ಗೇನ್ ಅಂತಾರ. ಇದು ಆವಾಜ್ ಏರಸೂದಲ್ರಿ, ನೆನಪಿರಲಿ. ಟೇಪು ಎಷ್ಟು ಕಳಸ್ತೈತಿ, ಆಂಪ್ಲಿ ಅಷ್ಟಕ್ಕ ಬಾಯಿ ತಗೀಬೇಕು. ಹೆಚ್ಚು ತಗದ್ರ ದನಿ ಒಡೀತೈತಿ, ಸ್ಪೀಕರ್ ಸುಡ್ತಾವ."

"ಇದ್ಯಾವುದು?"

"ಇದು ಕ್ರಾಸೋವರ್. ಹಿಟ್ಟಿನ ಸಾಣಿಗಿ ಇದ್ದಂಗ ನೋಡ್ರಿ. ದಪ್ಪ ದನಿ ಹಿಂದಿನ ಡಬ್ಬಿಗೆ, ಸಣ್ಣ ದನಿ ಬಾಗಲದ ಸ್ಪೀಕರಿಗೆ. ಸಣ್ಣ ಸ್ಪೀಕರಿಗೆ ದಪ್ಪ ದನಿ ತಿನಿಸಿದ್ರ ಅಜೀರ್ಣ ಆಗತೈತ್ರಿ. ನಾ ಇಟ್ಟಲ್ಲಿಂದ ಅಳಗಾಡಿಸಬ್ಯಾಡ್ರಿ ಸರ, ಕೈ ಮುಗೀತೇನಿ."

ಧ್ವನಿಯ ಪಾಠವನ್ನು ಸಾವಿರಾರು ಹುಡುಗರಿಗೆ ಹೇಳಿದ ನನಗೆ ಮೈಬೂಬ ಪಾಠ ಹೇಳುತ್ತಾನೆ! ಮನೆಗೆ ಬಂದು ನೋಡಿದೆ. ಗೇನಿನ ಸುತ್ತ ಹತ್ತು ಗೀಟು. ಅವನ ಚುಕ್ಕಿ ನಾಲ್ಕರ ಮೇಲೆ. ಹತ್ತಕ್ಕೆ ನಾಲ್ಕು! ನಮ್ಮ ಸಾಲೆಯಲ್ಲಿ ಇದಕ್ಕೆ ಕೂದಲೆಳೆಯಲ್ಲಿ ಪಾಸು ಅನ್ನುತ್ತೇವೆ. ಅಂಥ ವಿದ್ಯಾರ್ಥಿಯನ್ನು ಶಂಕ್ರೆವ್ವನವರ ಎದುರು ನಿಲ್ಲಿಸುವುದೆ? ತಿರುವಿ ಹತ್ತಕ್ಕೆ ಹತ್ತು ಮಾಡಿದೆ. ಬಾಗಿಲ ಸ್ಪೀಕರಿನ ಕ್ರಾಸೋವರ್ ಗುಂಡಿಯ ಒಂದು ತುದಿಗೆ 'ಫುಲ್' ಎಂದು ಬರೆದಿತ್ತು. ಅದನ್ನೂ ಅಲ್ಲಿಗೇ ಸರಿಸಿದೆ. ನನ್ನ ವ್ಯಾನಿನಲ್ಲಿ ದೊಡ್ಡವರು ಸಣ್ಣವರು ಎಂಬ ಭೇದವಿಲ್ಲ, ಎಲ್ಲರಿಗೂ ಎಲ್ಲ ದನಿ ಸಿಗಲಿ.

ಮಹಾನಂದಾ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಮೈಬೂಬಣ್ಣ ಬ್ಯಾಡಂದಿದ್ನಂತಲ್ರಿ?"

"ಅವ ಸಾಲಿ ಎಷ್ಟನೇತ್ತ ಕಲ್ತಾನ?"

"ನೀವು ಅಷ್ಟು ಕಲ್ತು ಮೊನ್ನೆ ಫ್ಯೂಜ್ ಹಾಕಾಕ ಹೋಗಿ ಓಣಿ ಪೂರಾ ಕತ್ತಲಿ ಮಾಡಿದ್ರಿ."

ವಿಜ್ಞಾನಿಗಳ ಹೆಂಡಂದಿರು ಇತಿಹಾಸದುದ್ದಕ್ಕೂ ಹೀಗೆಯೇ ಮಾತಾಡಿರಬೇಕು ಎಂದುಕೊಂಡೆ.

ಹೊರಡುವ ದಿನ ಅತ್ತೆಯವರು ಹಿಂದಿನ ಸೀಟಿನಲ್ಲಿ ಆಸೀನರಾದರು. ಊರ ಅಗಸಿ ಬಾಗಿಲು ದಾಟುವ ಮೊದಲೇ ಪ್ರವಚನ ಆರಂಭವಾಯಿತು. "ಮಹಾನಂದಾ, ಅಳಿಯಾರು ತಗ್ಗು ಹುಡುಕಿ ಹುಡುಕಿ ಗಾಡಿ ಇಳಸ್ತಾರ ನೋಡವಾ." ಮಹಾನಂದಾ ನನ್ನ ಕಡೆ ತಿರುಗಿ ಬಾಯಿ ತೆಗೆದಳು. ನಾನು ಟೇಪಿನ ತಿರುಪಿಗೆ ಕೈ ಹಾಕಿದೆ.

ಏನು ಹೇಳಲಿ ಆ ನಾದವೈಭವ! ಡೊಳ್ಳಿನ ಪೆಟ್ಟು ಎನ್ನುವುದು ವ್ಯಾನಿನ ತಗಡಿನ ಮೇಲೇ ಬಿತ್ತು. ಹಾಡುವವನ ದನಿ ಒಡೆದು, ಕಾದ ಹಂಚಿನ ಮೇಲೆ ಜೋಳ ಸಿಡಿದಂತೆ ಸಿಡಿಯಿತು. ಎಮ್ಮೆ ಹೊಡೆದುಕೊಂಡು ಹೊರಟಿದ್ದವನೊಬ್ಬ ಎಮ್ಮೆಗಳ ಸಮೇತ ರಸ್ತೆ ಬಿಟ್ಟು ಇಳಿದ. ಕನ್ನಡಿಯಲ್ಲಿ ಅತ್ತೆಯವರ ತುಟಿಗಳು ಅಲ್ಲಾಡುತ್ತಲೇ ಇದ್ದವು, ಆದರೆ ಒಂದಕ್ಷರ ಕೇಳಿಸಲಿಲ್ಲ. ನಾನು ಸೀಟಿನಲ್ಲೇ ಕುಣಿದೆ.

ಢವಳಗಿ ದಾಟುವಷ್ಟರಲ್ಲಿ ಎಡ ಬಾಗಿಲ ಸ್ಪೀಕರು ಒಮ್ಮೆ ಕೆಮ್ಮಿ ಸುಮ್ಮನಾಯಿತು.

"ಏನೋ ಸುಟ್ಟ ವಾಸನಿ ಬರಾಕತ್ತೈತ್ರಿ," ಮಹಾನಂದಾ ಕಿರುಚಿದಳು.

"ಹೊಲದಾಗ ಕಸಾ ಸುಡಾಕತ್ತಿರಬೇಕು!"

"ಕಸಾ ನನ್ನ ಮೊಣಕಾಲ ಕಡೆ ಉರಿಯಾಕತ್ತೈತ್ರಿ!"

ಹತ್ತು ನಿಮಿಷಕ್ಕೆ ಬಲಗಡೆಯದೂ ಶಿವನ ಪಾದ ಸೇರಿತು. ಅಜೀರ್ಣ! ಮೈಬೂಬ ಹೇಳಿದ ಶಬ್ದವೇ. ಹಾಡು ಹೋಯಿತು, ಹಾಡುವವ ಹೋದ, ಉಳಿದದ್ದು ಹಿಂದಿನ ಡಬ್ಬಿ ಒಂದೇ. ಗುಂ, ಗುಂ, ಗುಂ. ಹಾಡೇ ಇಲ್ಲದ ಮೇಲೆ ಅತ್ತೆಯವರ ದನಿಗೆ ಇನ್ನು ಅಡ್ಡಿ ಯಾವುದು? ಹೆಗಲು ಕುಗ್ಗಿಸಿಕೊಂಡು, ಬೀಳುವ ಏಟಿಗೆ ಕಾದೆ.

ಏಟು ಬೀಳಲಿಲ್ಲ. ಕನ್ನಡಿ ನೋಡಿದರೆ ಅತ್ತೆಯವರು ಬೆನ್ನು, ಟೊಂಕ ಎರಡನ್ನೂ ಸೀಟಿಗೆ ಆನಿಸಿ ಕಣ್ಣು ಮುಚ್ಚಿದ್ದರು. ಸೆರಗು ಜಾರಿತ್ತು. ಬಾಯಿ ಬಂದ್.

ಮಹಾನಂದಾ ಗಾಬರಿಯಾದಳು. "ಅವ್ವಾ! ಏನಾತ?"

"ಸುಮ್ನಿರು," ಅಂದರು ಅತ್ತೆಯವರು ಕಣ್ಣು ತೆಗೆಯದೆ.

ಬಾಗೇವಾಡಿ ಬಂತು, ಟೊಂಕದ ಸುದ್ದಿಯಿಲ್ಲ. ವಿಜಾಪುರ ಬಂತು, ಚಹಾ ಬೇಕೆನ್ನಲಿಲ್ಲ. ಇಂಥ ಶಾಂತಿಯನ್ನು ನಾನು ಲಗ್ನಕ್ಕೆ ಮೊದಲು ಕಂಡಿದ್ದೆ. ಇಂಡಿಯವರೆಗೂ ಮನಸ್ಸಿನಲ್ಲೇ ನನಗೆ ನಾನೇ ಹಾರ ಹಾಕಿಕೊಂಡೆ.

ಇಂಡಿಯಲ್ಲಿ ಶ್ರೀಶೈಲಪ್ಪ ಬಾಗಿಲಲ್ಲಿ ಕೈ ಮುಗಿದು ನಿಂತಿದ್ದ. ನಿಂಬೆಹಣ್ಣಿನ ದಲಾಲಿ ಅವನದು. ಪಾಳಿ ಬಂದವನ ಮುಖ ಹೇಗಿರುತ್ತದೋ ಹಾಗಿತ್ತು ಅವನ ಮುಖ. ನನ್ನ ನಾದಿನಿ ತಂಬಿಗೆ ನೀರು ತಂದಳು. ನಾನು ಹಿಗ್ಗಿನಿಂದ ವ್ಯಾನು ಬಂದ್ ಮಾಡಿದೆ.

"ಯಾಕ ಬಂದ್ ಮಾಡಿದ್ರಿ, ಅಳಿಯಾರ?"

ಯಾರು ಯಾರಿಗೆ ಹೇಳಿದ್ದೆಂದು ಎಲ್ಲರೂ ಆಚೀಚೆ ನೋಡಿದೆವು. ಅತ್ತೆಯವರು ನನ್ನನ್ನೇ ನೋಡುತ್ತಿದ್ದರು.

"ಎಂಟು ವರ್ಷದ ಟೊಂಕದ ಬ್ಯಾನಿ ರೀ ಅಳಿಯಾರ. ಯಾವ ಡಾಕ್ಟರ್ ಕೈಲೂ ಆಗಿದ್ದಿಲ್ಲ. ಆ ಡಬ್ಬಿ ಗುದ್ದಿ ಗುದ್ದಿ ಹೊರಗ ಹಾಕ್ತು. ನಾ ಇಲ್ಲಿ ಇಳಿಯೂದಿಲ್ಲ. ನಿಮ್ಮ ಮನೀಗೇ ನಡೀರಿ."

ನಾನು ಕೆಳಗಿಳಿದು ಅವರ ಕಡೆಯ ಬಾಗಿಲು ತೆರೆದು ಹಿಡಿದೆ. "ಅತ್ತಿಯವರ, ಪಾಳಿ ಅನ್ನೂದು ಒಂದು ಐತೆಲ್ರಿ..."

"ಪಾಳಿ ಹಚ್ಚಿದಾಕಿ ನಾನು. ನಾನ ತಗದೆ."

"ಹಂಗಾದ್ರ ಆ ಡಬ್ಬಿ, ಆಂಪ್ಲಿ ಎಲ್ಲಾ ಇಲ್ಲೇ ಬಿಚ್ಚಿ ಕೊಡ್ತೇನ್ರಿ! ಶ್ರೀಶೈಲಪ್ಪ ತನ್ನ ಗಾಡಿಗೆ ಹಾಕ್ಕೊಳ್ಳಲಿ. ಪುಕ್ಕಟೆ!"

ಶ್ರೀಶೈಲಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಛೇ ಛೇ, ಅಣ್ಣಾರ! ನಮ್ದು ನಿಂಬಿಹಣ್ಣಿನ ಟೆಂಪೋ, ಅತ್ತಿಯವರು ಎಲ್ಲಿ ಕುಂಡರಬೇಕ್ರಿ? ಮ್ಯಾಲ ಅದನ್ನ ಹದಾ ಮಾಡೂ ವಿದ್ಯಾ ನಮಗ ಬರತೈತೇನ್ರಿ? ನೀವು ವಿಜ್ಞಾನದ ಮಾಸ್ತರು."

ಹೀಗೆ ಹೇಳುತ್ತಲೇ ಒಳಗೆ ಓಡಿ, ಅವನ ಮನೆಯಲ್ಲೇ ಇಟ್ಟಿದ್ದ ಅತ್ತೆಯವರ ಟ್ರಂಕು, ಎರಡು ಕೌದಿ, ಎಲೆ ಅಡಿಕೆ ಕುಟ್ಟುವ ಒರಳು ಎಲ್ಲವನ್ನೂ ವ್ಯಾನಿಗೆ ಏರಿಸಿಬಿಟ್ಟ. ಮೇಲೊಂದು ಚೀಲ ನಿಂಬೆಹಣ್ಣು. ಆ ಮನುಷ್ಯ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ಅವನ ಲಗ್ನದಲ್ಲೂ ನೋಡಿರಲಿಲ್ಲ. ಊಟ ಮಾಡಿ ಹೋಗಿ ಎಂದು ಬಾಯಿಮಾತಿಗೂ ಅನ್ನಲಿಲ್ಲ. ಕೂತರೆ ಅತ್ತೆಯವರ ಮನಸ್ಸು ತಿರುಗೀತೆಂಬ ಭಯ.

ಹೊಳ್ಳಿ ಹೊರಟೆವು. ಡಬ್ಬಿ ಗುಂ ಗುಂ ಅನ್ನುತ್ತಿತ್ತು, ಅತ್ತೆಯವರು ಕಣ್ಣು ಮುಚ್ಚಿದ್ದರು. ನನಗೆ ದುಃಖ ಉಕ್ಕಿ ಬರುತ್ತಿದ್ದರೂ ಒಂದು ಸಮಾಧಾನವಿತ್ತು. ಹೋಗಲಿ, ಮನೆಯಲ್ಲಿದ್ದರೂ ದಿನಾ ವ್ಯಾನಿನಲ್ಲಿ ಕೂರಿಸಿ ಗುದ್ದಿಸಿದರಾಯಿತು, ಬಾಯಂತೂ ಬಂದ್ ಇರುತ್ತದಲ್ಲ!

ಬಾಗೇವಾಡಿ ದಾಟಿದ ಮೇಲೆ ಸೀಟಿನ ಹಿಂದಿನಿಂದ ಟಪ್ ಎಂದು ಸದ್ದಾಯಿತು. ಸಣ್ಣ ಹೊಗೆಯ ಎಳೆಯೊಂದು ಮೇಲೆದ್ದಿತು. ಹತ್ತಕ್ಕೆ ಹತ್ತು ತೆಗೆದ ಆಂಪ್ಲಿಫೈಯರು ಬೆಳಗಿನಿಂದ ಬಾಯಿ ತೆಗೆದು ತೆಗೆದು ಸತ್ತಿತ್ತು. ವ್ಯಾನಿನಲ್ಲಿ ಎಂಜಿನ್ನಿನ ಸದ್ದು ಬಿಟ್ಟರೆ ಬೇರೇನೂ ಉಳಿಯಲಿಲ್ಲ.

ಅತ್ತೆಯವರು ಕಣ್ಣು ತೆರೆದು, ಹಗುರಾದ ಟೊಂಕವನ್ನು ನೆಟ್ಟಗೆ ಮಾಡಿಕೊಂಡು, ಮುಂದಕ್ಕೆ ಸರಿದು ಕೂತರು. ಅವರ ಬಾಯಿ ನನ್ನ ಎಡಗಿವಿಗೆ ಒಂದು ಗೇಣು ದೂರದಲ್ಲಿತ್ತು.

"ಅಳಿಯಾರ, ಅದನ್ನ ನಾಳೆ ರಿಪೇರಿ ಮಾಡಸ್ರಿ. ಈಗ ಹೆಂಗೂ ಮಾತಾಡಾಕ ಹತ್ತೇವಿ. ಹದಿನೇಳು ವರ್ಷದಿಂದ ಮಗಳ ಕೈಲೆ ಹೇಳಿ ಕಳಿಸಿದ್ದು ನಿಮಗ ಪೂರಾ ಮುಟ್ಟಿಲ್ಲ ಅನಸ್ತೈತಿ. ಮೊದಲಿಂದ ಹೇಳ್ತೇನಿ, ಕೇಳ್ರಿ."

ನಾನು ಆಸೆಯಿಂದ ಮಹಾನಂದಾಳ ಕಡೆ ನೋಡಿದೆ. ತನ್ನ ನೌಕರಿ ಮುಗಿಯಿತೆಂದು ಅವಳಾಗಲೇ ಕಿಟಕಿಗೆ ತಲೆ ಕೊಟ್ಟು ಗೊರಕೆ ಹೊಡೆಯುತ್ತಿದ್ದಳು. ಮುದ್ದೇಬಿಹಾಳ ಇನ್ನೂ ನಲವತ್ತು ಕಿಲೋಮೀಟರು ಇತ್ತು.